ನೆಟ್ಟವರ ಲೆಕ್ಕ: ಡಿಆಂಡ್ರೆ ಯೆಡ್ಲಿನ್ ಮತ್ತು ಅಮೆರಿಕದ ಫುಟ್‌ಬಾಲ್ ಅಕಾಡೆಮಿಗಳು

2014ರ ಜುಲೈ 1. ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ ವಿಶ್ವಕಪ್ ಫುಟ್‌ಬಾಲ್‌ನ ಹದಿನಾರರ ಘಟ್ಟದ ಪಂದ್ಯ. ಬೆಲ್ಜಿಯಂ ಎದುರು ಆಡುತ್ತಿದ್ದ ಅಮೆರಿಕಕ್ಕೆ 32ನೇ ನಿಮಿಷದಲ್ಲೇ ಪೆಟ್ಟು ಬಿತ್ತು. ಬಲಬದಿಯ ರಕ್ಷಣೆ ನೋಡಿಕೊಳ್ಳುತ್ತಿದ್ದ ಫೇಬಿಯನ್ ಜಾನ್ಸನ್ ತೊಡೆಯ ಸ್ನಾಯು ಸೆಳೆತದಿಂದ ಹೊರನಡೆದ. ಆ ಜಾಗಕ್ಕೆ ಕೋಚ್ ಯೂರ್ಗನ್ ಕ್ಲಿನ್ಸ್‌ಮನ್ ಕಳಿಸಿದ್ದು 20 ವರ್ಷದ ಡಿಆಂಡ್ರೆ ಯೆಡ್ಲಿನ್‌ನನ್ನು. ರಾಷ್ಟ್ರೀಯ ತಂಡದ ಅಂಗಿ ತೊಟ್ಟು ಅವನಿಗಿನ್ನೂ ಐದು ತಿಂಗಳಾಗಿತ್ತು. ಅವನ ಬದಿಯಲ್ಲಿ ಎದುರಾಳಿಯಾಗಿ ನಿಂತಿದ್ದವನು ಈಡನ್ ಹಜಾರ್ಡ್.

ಹುಡುಗ ಬೆದರಲಿಲ್ಲ. ಹಜಾರ್ಡ್‌ನನ್ನು ತಡೆದದ್ದಷ್ಟೇ ಅಲ್ಲ, ಚೆಂಡು ಸಿಕ್ಕಾಗಲೆಲ್ಲ ಗೆರೆಯಂಚಿನಲ್ಲಿ ಓಡಿ ಬೆಲ್ಜಿಯಂ ಪಾಳೆಯದೊಳಗೆ ನುಗ್ಗಿದ. ಗೋಲ್‌ಕೀಪರ್ ಟಿಮ್ ಹೊವರ್ಡ್ ಅಂದು ತಡೆದ ಚೆಂಡುಗಳ ಕಥೆಯನ್ನು ಅಮೆರಿಕದವರು ಈಗಲೂ ಹೇಳಿಕೊಳ್ಳುತ್ತಾರೆ. ಹೆಚ್ಚುವರಿ ಸಮಯದಲ್ಲಿ ಬೆಲ್ಜಿಯಂ 2–1ರಿಂದ ಗೆದ್ದಿತು. ಸೋತ ತಂಡದ ಈ ಬದಲಿ ಆಟಗಾರ ಮಾತ್ರ ಯುರೋಪಿನ ಕ್ಲಬ್ಬುಗಳ ಕಣ್ಣಿಗೆ ಬಿದ್ದಿದ್ದ. ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ ಅವನನ್ನು ಕೊಂಡುಕೊಂಡಿತು. ಸುಮಾರು 40 ಲಕ್ಷ ಡಾಲರ್ ಕೈಬದಲಾಯಿತೆಂದು ವರದಿಯಾಯಿತು.

ಈ 40 ಲಕ್ಷ ಡಾಲರ್ ಯಾರಿಗೆ ಸೇರಬೇಕು? ಆಟಗಾರನನ್ನು ಬೆಳೆಸಿದವರಿಗೆ ಎಂದು ಯಾರಾದರೂ ಹೇಳಿಯಾರು. ಹಾಗಾದರೆ ಬೆಳೆಸಿದವರು ಯಾರು? ಈ ಸರಳ ಪ್ರಶ್ನೆಗೆ ಅಮೆರಿಕದ ಫುಟ್‌ಬಾಲ್ ವರ್ಷಗಟ್ಟಲೆ ನೇರವಾದ ಉತ್ತರ ಕೊಡಲಿಲ್ಲ. ಯೆಡ್ಲಿನ್‌ನ ಏಳಿಗೆಯ ಕಥೆ ಆ ಪ್ರಶ್ನೆಯ ಇತಿಹಾಸವೂ ಹೌದು.

ಯೆಡ್ಲಿನ್ ಹುಟ್ಟಿದ್ದು 1993ರ ಜುಲೈ 9ರಂದು, ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್‌ನಲ್ಲಿ. ಅವನನ್ನು ಸಾಕಿದ್ದು ತಾಯಿಯ ತಂದೆತಾಯಿ. ಬಾಲ್ಯದಲ್ಲಿ ಅವನು ಆಡಿದ್ದು ಸ್ಥಳೀಯ ಮಕ್ಕಳ ಕ್ಲಬ್ಬುಗಳಲ್ಲಿ. ಅವುಗಳಲ್ಲಿ ಒಂದು ಕ್ರಾಸ್‌ಫೈರ್ ಪ್ರೀಮಿಯರ್. ಅದರ ನೆಲೆ ಸಿಯಾಟಲ್ ಪಕ್ಕದ ರೆಡ್ಮಂಡ್. ಮೈಕ್ರೋಸಾಫ್ಟ್‌ನ ಕೇಂದ್ರ ಕಚೇರಿ ಇರುವ ಊರು ಎಂದರೆ ನಮ್ಮ ಓದುಗರಲ್ಲಿ ಅನೇಕರಿಗೆ ತಕ್ಷಣ ಗುರುತು ಸಿಗುತ್ತದೆ.

ಅಮೆರಿಕದಲ್ಲಿ ಮಕ್ಕಳ ಫುಟ್‌ಬಾಲ್ ನಡೆಯುವ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬ್ರೆಜಿಲ್‌ನಲ್ಲೋ ಅರ್ಜೆಂಟೀನಾದಲ್ಲೋ ಇದು ಬೀದಿಯ ಆಟ, ಬಡವರ ಆಟ. ಅಮೆರಿಕದಲ್ಲಿ 'ಸಾಕರ್' ಎಂದು ಕರೆಯಲಾಗುವ ಇದೇ ಆಟ ಬೆಳೆದದ್ದು ನಗರದ ಹೊರವಲಯದ ಮಧ್ಯಮ ವರ್ಗದ ಬಡಾವಣೆಗಳಲ್ಲಿ. ಒಳ್ಳೆಯ ಕ್ಲಬ್ಬಿಗೆ ಮಗುವನ್ನು ಸೇರಿಸಬೇಕೆಂದರೆ ಪೋಷಕರು ಶುಲ್ಕ, ಸಮವಸ್ತ್ರ, ಪ್ರಯಾಣ, ಟೂರ್ನಮೆಂಟ್ ಎಂದು ವರ್ಷಕ್ಕೆ ಸಾವಿರಾರು ಡಾಲರ್ ತೆರಬೇಕು. ಅಲ್ಲಿನವರು ಇದನ್ನು 'ಪೇ ಟು ಪ್ಲೇ' ಎನ್ನುತ್ತಾರೆ, ದುಡ್ಡಿದ್ದರೆ ಆಟ. ಕ್ಲಬ್ಬುಗಳನ್ನು ಬೈದು ಪ್ರಯೋಜನವಿಲ್ಲ. ಮೈದಾನದ ಬಾಡಿಗೆ, ಕೋಚ್‌ಗಳ ಸಂಬಳ ಎಲ್ಲಿಂದಲಾದರೂ ಬರಲೇಬೇಕು. ಯುರೋಪಿನ ಸಣ್ಣ ಕ್ಲಬ್ ಒಬ್ಬ ಹುಡುಗನನ್ನು ಬೆಳೆಸಿ ಮಾರಿ ಹತ್ತು ಹುಡುಗರನ್ನು ಸಾಕುತ್ತದೆ. ಅಮೆರಿಕದ ಕ್ಲಬ್ಬಿಗೆ ಆ ದಾರಿ ಇರಲಿಲ್ಲ.

ಏಕಿರಲಿಲ್ಲ? ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್‌ಎಸ್, 1996ರಲ್ಲಿ ಆರಂಭವಾದಾಗ ಅದರ ರಚನೆಯೇ ಬೇರೆ. ಆಟಗಾರರ ಒಪ್ಪಂದ ಇರುವುದು ಕ್ಲಬ್ಬಿನೊಂದಿಗಲ್ಲ, ಲೀಗಿನೊಂದಿಗೆ. ಹೊಸ ಹುಡುಗರು ಬರುತ್ತಿದ್ದದ್ದು ವಿಶ್ವವಿದ್ಯಾಲಯಗಳಿಂದ. ಅವರನ್ನು ಡ್ರಾಫ್ಟ್ ಎಂಬ ಪದ್ಧತಿಯಲ್ಲಿ, ಕಳೆದ ಸಾಲಿನಲ್ಲಿ ಹಿಂದೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ ಎಂಬ ಕ್ರಮದಲ್ಲಿ ಹಂಚಲಾಗುತ್ತಿತ್ತು. ಊರಿನ ಹುಡುಗನನ್ನು ಹತ್ತು ವರ್ಷ ತಿದ್ದಿದರೂ ಅವನು ಕೊನೆಗೆ ಯಾವ ಊರಿನ ತಂಡದ ಪಾಲಾಗುತ್ತಾನೋ ತಿಳಿಯದು. ಹೀಗಿರುವಾಗ ಅಕಾಡೆಮಿಗೆ ದುಡ್ಡು ಸುರಿಯುವವರು ಯಾರು?

ಪರಿಸ್ಥಿತಿ ಬದಲಾಗತೊಡಗಿದ್ದು 2007–08ರಲ್ಲಿ. ಅಮೆರಿಕದ ಫುಟ್‌ಬಾಲ್ ಒಕ್ಕೂಟ 2007ರಲ್ಲಿ 'ಡೆವಲಪ್‌ಮೆಂಟ್ ಅಕಾಡೆಮಿ' ಎಂಬ ರಾಷ್ಟ್ರೀಯ ಯುವ ಲೀಗನ್ನು ಕಟ್ಟಿತು. ಮರುವರ್ಷ ಎಂಎಲ್‌ಎಸ್ 'ಹೋಮ್‌ಗ್ರೋನ್' ನಿಯಮ ತಂದಿತು. ತನ್ನ ಪ್ರದೇಶದ ಹುಡುಗನೊಬ್ಬ ತನ್ನ ಅಕಾಡೆಮಿಯಲ್ಲಿ ಕನಿಷ್ಠ ಒಂದು ವರ್ಷ ತರಬೇತಿ ಪಡೆದಿದ್ದರೆ ಕ್ಲಬ್ ಅವನನ್ನು ಡ್ರಾಫ್ಟಿಗೆ ಬಿಡದೆ ನೇರವಾಗಿ ಸೇರಿಸಿಕೊಳ್ಳಬಹುದು. ಹೋಮ್‌ಗ್ರೋನ್ ಎಂದರೆ ಮನೆಯಂಗಳದಲ್ಲೇ ಬೆಳೆದವನು. ಆದರೆ ಆ ಪದವಿಗೆ ಬೇಕಾದದ್ದು ಅಂಗಳದಲ್ಲಿ ಒಂದೇ ಒಂದು ವರ್ಷ.

2009ರಲ್ಲಿ ಎಂಎಲ್‌ಎಸ್ ಸೇರಿದ ಸಿಯಾಟಲ್ ಸೌಂಡರ್ಸ್ ತನ್ನದೇ ಅಕಾಡೆಮಿ ಕಟ್ಟಿತ್ತು. ಯೆಡ್ಲಿನ್ 2010ರಲ್ಲಿ ಅಲ್ಲಿಗೆ ಬಂದ. ಆಮೇಲೆ ಒಹಾಯೊ ರಾಜ್ಯದ ಆ್ಯಕ್ರನ್ ವಿಶ್ವವಿದ್ಯಾಲಯದಲ್ಲಿ, ಕೇಲೆಬ್ ಪೋರ್ಟರ್ ತರಬೇತಿಯಲ್ಲಿ, ಎರಡು ಋತು ಆಡಿದ. ಆ್ಯಕ್ರನ್ ಆಗಷ್ಟೇ, 2010ರಲ್ಲಿ, ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿದ್ದ ತಂಡ. 2013ರ ಜನವರಿಯಲ್ಲಿ ಸೌಂಡರ್ಸ್ ಅವನನ್ನು ಮರಳಿ ಕರೆಸಿಕೊಂಡಿತು. ಆ ಕ್ಲಬ್ಬಿನ ಮೊಟ್ಟಮೊದಲ ಹೋಮ್‌ಗ್ರೋನ್ ಆಟಗಾರ ಅವನೇ.

ಅಲ್ಲಿಂದ ಮುಂದಿನ ವೇಗ ಅವನ ಕಾಲಿನ ವೇಗದಂತೆಯೇ ಇತ್ತು. ಅದೇ ಮಾರ್ಚ್‌ನಲ್ಲಿ ಕಾಂಕಕಾಫ್ ಚಾಂಪಿಯನ್ಸ್ ಲೀಗಿನಲ್ಲಿ ಮೆಕ್ಸಿಕೋದ ಟಿಗ್ರೆಸ್ ತಂಡದೆದುರು ಸಿಯಾಟಲ್ ಹಿಂದೆ ಬಿದ್ದಿತ್ತು. ದೂರದಿಂದ ಯೆಡ್ಲಿನ್ ಹೊಡೆದ ಚೆಂಡು ಬಲೆ ಸೇರಿತು. ಸಿಯಾಟಲ್ 3–1ರಿಂದ ಗೆದ್ದು, ನಾಕೌಟ್ ಹಂತದಲ್ಲಿ ಮೆಕ್ಸಿಕೋದ ತಂಡವೊಂದನ್ನು ಹೊರದಬ್ಬಿದ ಮೊದಲ ಎಂಎಲ್‌ಎಸ್ ತಂಡವಾಯಿತು. ಮೊದಲ ವರ್ಷವೇ ಲೀಗಿನ ಆಲ್ ಸ್ಟಾರ್ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿತು. 2014ರ ಫೆಬ್ರವರಿ 1ರಂದು ದಕ್ಷಿಣ ಕೊರಿಯಾ ಎದುರು ರಾಷ್ಟ್ರೀಯ ತಂಡಕ್ಕೆ ಮೊದಲ ಪಂದ್ಯ. ಮೇ ತಿಂಗಳಲ್ಲಿ ವಿಶ್ವಕಪ್ ತಂಡ ಪ್ರಕಟವಾದಾಗ ಅಮೆರಿಕದ ಅತ್ಯಂತ ಪ್ರಸಿದ್ಧ ಆಟಗಾರ ಲ್ಯಾಂಡನ್ ಡೊನೊವನ್ ಹೆಸರೇ ಇರಲಿಲ್ಲ, ಯೆಡ್ಲಿನ್ ಹೆಸರಿತ್ತು. ಸುದ್ದಿಯೆಲ್ಲ ಡೊನೊವನ್ ಗೈರುಹಾಜರಿಯದೇ ಆದ್ದರಿಂದ ಈ ಹುಡುಗನ ಹಾಜರಿ ಹೆಚ್ಚು ಚರ್ಚೆಯಾಗಲಿಲ್ಲ.

ಜೂನ್ 22ರಂದು ಅಮೆಜಾನ್ ಕಾಡಿನ ನಡುವಿನ ಮನೌಸ್‌ನಲ್ಲಿ ಪೋರ್ಚುಗಲ್ ಎದುರು ಅವನನ್ನು ಬದಲಿ ಆಟಗಾರನಾಗಿ ಇಳಿಸಲಾಯಿತು. ಆಗ ಸ್ಕೋರು 1–1. ಸೆಖೆಗೆ ಎರಡೂ ತಂಡಗಳು ಸೋತು ಹೋಗಿದ್ದವು. 81ನೇ ನಿಮಿಷದಲ್ಲಿ ಬಲಬದಿಯಿಂದ ಯೆಡ್ಲಿನ್ ಓಡಿ ಬಂದು ಕೊಟ್ಟ ಚೆಂಡಿನಿಂದಲೇ ಆ ದಾಳಿ ಶುರುವಾದದ್ದು. ಕೊನೆಗೆ ಗ್ರಹಾಂ ಜೂಸಿ ಕೊಟ್ಟ ಪಾಸನ್ನು ಕ್ಲಿಂಟ್ ಡೆಂಪ್ಸಿ ಹೊಟ್ಟೆಯಿಂದಲೇ ಒಳಗೆ ತಳ್ಳಿದ. ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ರೊನಾಲ್ಡೋ ಕ್ರಾಸ್‌ನಿಂದ ಪೋರ್ಚುಗಲ್ ಸಮ ಮಾಡಿಕೊಂಡಿತು. ಆದರೂ ಅಮೆರಿಕ ಗುಂಪಿನಿಂದ ಮುಂದಕ್ಕೆ ಹೋಯಿತು. ಅಕಾಡೆಮಿ ಹುಡುಗನಾಗಿ ಕ್ಲಬ್ಬಿನ ಒಪ್ಪಂದಕ್ಕೆ ಸಹಿ ಮಾಡಿ ಅವನಿಗೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ.

ಇನ್ನು ಆ ದುಡ್ಡಿನ ವಿಷಯ. ಫಿಫಾ 2001ರಲ್ಲಿ ಒಂದು ನಿಯಮ ಮಾಡಿತ್ತು. ಒಬ್ಬ ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದರೆ, ಆ ಮೊತ್ತದ ಶೇಕಡಾ 5 ಭಾಗವನ್ನು ಅವನ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕು. ಇದಕ್ಕೆ 'ಸಾಲಿಡಾರಿಟಿ' ಪಾವತಿ ಎಂದು ಹೆಸರು. 12ರಿಂದ 15ರ ವರೆಗಿನ ಪ್ರತಿ ವರ್ಷಕ್ಕೆ ಶೇಕಡಾ 0.25, ಅಲ್ಲಿಂದ ಮುಂದೆ ಪ್ರತಿ ವರ್ಷಕ್ಕೆ ಶೇಕಡಾ 0.5. ಯೆಡ್ಲಿನ್ ಮಾರಾಟಕ್ಕೆ ಈ ಲೆಕ್ಕ ಹಾಕಿ ನೋಡಿ. 40 ಲಕ್ಷ ಡಾಲರಿಗೆ, ಹದಿಮೂರು ವರ್ಷದ ಹುಡುಗನನ್ನು ಒಂದು ವರ್ಷ ತಿದ್ದಿದ ಕ್ಲಬ್ಬಿಗೆ 10,000 ಡಾಲರ್. ಹದಿನಾರರ ಹುಡುಗನನ್ನು ಒಂದು ವರ್ಷ ತಿದ್ದಿದ ಕ್ಲಬ್ಬಿಗೆ 20,000. ಟಾಟನ್‌ಹ್ಯಾಮ್‌ಗೆ ಅದು ಚಿಲ್ಲರೆ ಕಾಸು. ಮಕ್ಕಳ ಕ್ಲಬ್ಬೊಂದಕ್ಕೆ ಅದು ಶುಲ್ಕ ಕಟ್ಟಲಾರದ ಕೆಲವು ಮಕ್ಕಳನ್ನು ಸೇರಿಸಿಕೊಳ್ಳುವಷ್ಟು ಹಣ.

ಕ್ರಾಸ್‌ಫೈರ್ ಪ್ರೀಮಿಯರ್ ತನ್ನ ಪಾಲು ಕೇಳಿತು. ಸಿಗಲಿಲ್ಲ. ಪ್ರಪಂಚದ ಉಳಿದೆಡೆ ನಡೆಯುವ ಈ ನಿಯಮವನ್ನು ಅಮೆರಿಕದ ಒಕ್ಕೂಟ ತನ್ನ ನೆಲದಲ್ಲಿ ಜಾರಿಗೊಳಿಸಿರಲಿಲ್ಲ. ವ್ಯಾಪಾರ ಸ್ಪರ್ಧೆಯನ್ನು ಕಾಯುವ ಅಲ್ಲಿನ ಕಾನೂನುಗಳಿಗೆ ಇದು ತೊಡಕಾಗುತ್ತದೆ ಎಂಬುದು ಅದರ ವಾದ. ಕ್ಲಬ್ ಫಿಫಾದ ವಿವಾದ ಪರಿಹಾರ ಮಂಡಳಿಯ ಬಾಗಿಲು ತಟ್ಟಿತು. ವರ್ಷಗಳ ಕಾಯುವಿಕೆಯ ನಂತರ ಅಲ್ಲಿಯೂ ಅರ್ಜಿ ತಿರಸ್ಕೃತವಾಯಿತು.

ಕ್ಲಬ್ಬಿನ ಬೇಡಿಕೆಗೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಎಂಎಲ್‌ಎಸ್ ಆಟಗಾರರ ಸಂಘ ಇಂಥ ಪಾವತಿಗಳನ್ನು ವಿರೋಧಿಸುತ್ತಲೇ ಬಂದಿದೆ. ಆಟಗಾರನ ತಲೆಯ ಮೇಲೆ ಒಂದು ಬೆಲೆಚೀಟಿ ಅಂಟಿಸಿದರೆ ಅವನನ್ನು ಕೊಳ್ಳಲು ಬರುವವರು ಹಿಂಜರಿಯುತ್ತಾರೆ, ಕೊನೆಗೆ ಆ ಹಣ ಆಟಗಾರನ ಸಂಬಳದಿಂದಲೇ ಕಡಿತವಾಗುತ್ತದೆ ಎಂಬುದು ಅವರ ಆತಂಕ. ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ: ಮಗುವಿನ ತರಬೇತಿಗೆ ಮನೆಯವರೇ ಶುಲ್ಕ ಕಟ್ಟಿದ್ದರೆ ಬೆಳೆಸಿದ ಖರ್ಚು ಕ್ಲಬ್ಬಿನದೋ ಮನೆಯವರದೋ? ಫಿಫಾದ ಲೆಕ್ಕದಲ್ಲಿ ಕ್ಲಬ್ಬುಗಳಿಗೆ ಮಾತ್ರ ಅಂಕಣವಿದೆ. ವಾರಾಂತ್ಯಗಳಲ್ಲಿ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಮೈದಾನದಿಂದ ಮೈದಾನಕ್ಕೆ ಓಡಾಡುವ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೆ ಯಾವ ಅಂಕಣವೂ ಇಲ್ಲ.

ಕಥೆಗೆ ತಿರುವು ಬಂದದ್ದು 2019ರ ಏಪ್ರಿಲ್‌ನಲ್ಲಿ. ತನ್ನ ಅಕಾಡೆಮಿಗಳಲ್ಲಿ ಬೆಳೆದ ಹುಡುಗರು ಹೊರದೇಶದ ಕ್ಲಬ್ಬುಗಳಿಗೆ ಹೋದರೆ ಫಿಫಾ ನಿಯಮದಂತೆ ತರಬೇತಿ ಪರಿಹಾರವನ್ನೂ ಸಾಲಿಡಾರಿಟಿ ಹಣವನ್ನೂ ಕೇಳುವುದಾಗಿ ಎಂಎಲ್‌ಎಸ್ ಪ್ರಕಟಿಸಿತು. ಅಷ್ಟರಲ್ಲಿ ಲೀಗಿನ ಕ್ಲಬ್ಬುಗಳು ಅಕಾಡೆಮಿಗಳಿಗೆ ಅಪಾರ ಹಣ ಹೂಡಿದ್ದವು. ಅವರ ಹುಡುಗರು ಪ್ರೌಢ ತಂಡಕ್ಕೆ ಆಡುವ ಮೊದಲೇ ಜರ್ಮನಿಗೆ ಹಾರತೊಡಗಿದ್ದರು. ಅಲಬಾಮಾದಲ್ಲಿ ಹುಟ್ಟಿ ಎಫ್‌ಸಿ ಡಲ್ಲಾಸ್ ಅಕಾಡೆಮಿಯಲ್ಲಿ ಪಳಗಿದ ರಕ್ಷಣಾ ಆಟಗಾರ ಕ್ರಿಸ್ ರಿಚರ್ಡ್ಸ್ 2018ರಲ್ಲಿ, 18ನೇ ವಯಸ್ಸಿಗೇ, ಬಯರ್ನ್ ಮ್ಯೂನಿಕ್ ಸೇರಿದ್ದ. ಮಕ್ಕಳ ಕ್ಲಬ್ಬುಗಳು ಕೇಳಿದಾಗ ಮುಚ್ಚಿದ್ದ ಬಾಗಿಲು ದೊಡ್ಡವರ ಪಾಲು ಬಂದಾಗ ತೆರೆಯಿತು. ಡೆವಲಪ್‌ಮೆಂಟ್ ಅಕಾಡೆಮಿ ಮಾತ್ರ ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಮುಚ್ಚಿಹೋಯಿತು. ಅದರ ಜಾಗಕ್ಕೆ ಬಂದ 'ಎಂಎಲ್‌ಎಸ್ ನೆಕ್ಸ್ಟ್' ನಡೆಯುವುದು ಲೀಗಿನ ಕೈಯಲ್ಲೇ.

ಯೆಡ್ಲಿನ್‌ನ ಬದುಕೂ ಏರಿಳಿತ ಕಂಡಿತು. ಟಾಟನ್‌ಹ್ಯಾಮ್ ಪರ ಲೀಗಿನಲ್ಲಿ ಅವನು ಆಡಿದ್ದು ಒಂದೇ ಪಂದ್ಯ. ಸಂಡರ್‌ಲೆಂಡ್‌ನಲ್ಲಿ ಎರವಲು ಆಟಗಾರನಾಗಿದ್ದು, ನಂತರ ಅದರ ಬದ್ಧ ಎದುರಾಳಿ ನ್ಯೂಕಾಸಲ್ ಸೇರಿ, ರಫಾ ಬೆನಿಟೆಜ್ ತಂಡದಲ್ಲಿ 2017ರಲ್ಲಿ ಎರಡನೇ ದರ್ಜೆಯ ಪ್ರಶಸ್ತಿ ಗೆದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ರಿನಿಡಾಡ್ ಎದುರು ಅಮೆರಿಕ 1–2ರಿಂದ ಸೋತು 2018ರ ವಿಶ್ವಕಪ್ಪಿನಿಂದಲೇ ಹೊರಬಿದ್ದ ಸಂಜೆಯೂ ಅವನು ಮೈದಾನದಲ್ಲಿದ್ದ. ಆ ಸೋಲು ಒಂದು ತಲೆಮಾರನ್ನೇ ಒರೆಸಿಹಾಕಿತು. 2022ರಲ್ಲಿ ಕತಾರ್‌ಗೆ ಹೋದ ಅಮೆರಿಕದ 26 ಆಟಗಾರರಲ್ಲಿ ಹಿಂದೆ ವಿಶ್ವಕಪ್ ಆಡಿದ ಅನುಭವ ಇದ್ದದ್ದು ಒಬ್ಬನಿಗೆ ಮಾತ್ರ, ಯೆಡ್ಲಿನ್‌ಗೆ. 2014ರಲ್ಲಿ ಮರಿಯಾಗಿದ್ದವನು ಈಗ ಹಿರಿಯಣ್ಣ. ಅವನ ಸುತ್ತ ಅಕಾಡೆಮಿಗಳಿಂದ ಬಂದ ಹುಡುಗರೇ ತುಂಬಿದ್ದರು.

2023ರ ಆಗಸ್ಟ್ 19ರಂದು ನ್ಯಾಶ್‌ವಿಲ್‌ನಲ್ಲಿ ಇಂಟರ್ ಮಯಾಮಿ ಲೀಗ್ಸ್ ಕಪ್ ಗೆದ್ದಿತು. ಲಯೊನೆಲ್ ಮೆಸ್ಸಿ ಬರುವವರೆಗೆ ಆ ತಂಡದ ನಾಯಕನ ಪಟ್ಟಿ ಯೆಡ್ಲಿನ್ ತೋಳಿನಲ್ಲಿತ್ತು. ಕಪ್ ಎತ್ತುವ ಮೊದಲು ಮೆಸ್ಸಿ ಅವನನ್ನು ಹತ್ತಿರ ಕರೆದು ಆ ಪಟ್ಟಿಯನ್ನು ಮತ್ತೆ ಅವನ ತೋಳಿಗೆ ಕಟ್ಟಿದ. ಇಬ್ಬರೂ ಸೇರಿ ಕಪ್ ಎತ್ತಿದರು. ತನಗಿಂತ ಮೊದಲು ದುಡಿದವನ ಪಾಲನ್ನು ಒಪ್ಪಿಕೊಳ್ಳಲು ಮೆಸ್ಸಿಗೆ ಯಾವ ನಿಯಮವೂ ಬೇಕಾಗಲಿಲ್ಲ.

ಊರು ಬಿಟ್ಟು ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿದ ನಮಗೆ ಈ ಲೆಕ್ಕ ತೀರಾ ಪರಕೀಯವಲ್ಲ. ನಮ್ಮ ಪರಿಚಯಪತ್ರದಲ್ಲಿ ಕೊನೆಯ ಕಂಪನಿ, ಕೊನೆಯ ಪದವಿ ಮೇಲಿರುತ್ತದೆ. ಅಕ್ಷರ ತಿದ್ದಿಸಿದ ಶಾಲೆಗೆ ಅದರಲ್ಲಿ ಜಾಗವಿಲ್ಲ. ಹೋಮ್‌ಗ್ರೋನ್ ಎಂಬ ಪದ ಮಾಡಿದ್ದೂ ಅದನ್ನೇ. ಒಂದು ವರ್ಷ ಇಟ್ಟುಕೊಂಡವರಿಗೆ ಅದು ಹೆಸರು ಕೊಟ್ಟಿತು, ಅದಕ್ಕೂ ಮೊದಲಿನ ವರ್ಷಗಳನ್ನು ಹೆಸರಿಲ್ಲದೆ ಬಿಟ್ಟಿತು.

2026ರ ವಿಶ್ವಕಪ್ ಪಂದ್ಯಗಳ ಆತಿಥ್ಯಕ್ಕೆ ಆಯ್ಕೆಯಾದ ನಗರಗಳಲ್ಲಿ ಸಿಯಾಟಲ್ ಕೂಡ ಒಂದು. ಯೆಡ್ಲಿನ್ ಸೌಂಡರ್ಸ್ ಪರ ಓಡುತ್ತಿದ್ದ ಕ್ರೀಡಾಂಗಣದಿಂದ ರೆಡ್ಮಂಡ್‌ನ ಮಕ್ಕಳ ಮೈದಾನಗಳು ದೂರವೇನಲ್ಲ, ನಡುವೆ ಒಂದು ಸರೋವರ ಅಷ್ಟೇ. ಅಲ್ಲಿ ಈಗಲೂ ಸಂಜೆಯಾದರೆ ಮಕ್ಕಳು ಅಭ್ಯಾಸಕ್ಕೆ ಬರುತ್ತಾರೆ, ಮನೆಯವರು ಶುಲ್ಕ ಕಟ್ಟುತ್ತಾರೆ.