ಚಿರೆಕಲ್ಲಿನಿಂದ ಜಂತ್ರಡಿಯವರೆಗೆ: ಅಪ್ಸರಕೊಂಡ ಸೀಮೆಯ ವಸ್ತು–ವ್ಯವಸ್ಥೆಗಳ ಪದಚರಿತ್ರೆ

ಶಾಲೆಯ ವಿನ್ಯಾಸ ಮತ್ತು ತಂತ್ರಜ್ಞಾನ ಪಾಠದಲ್ಲಿ ಮಕ್ಕಳಿಗೆ ಮೊದಲು ಎದುರಾಗುವ ಪದಗಳು ಎರಡು: ವಸ್ತು ಮತ್ತು ವ್ಯವಸ್ಥೆ. ಯಾವುದರಿಂದ ಮಾಡಿದ್ದು ಎಂದು ಕೇಳಿದರೆ ಸಿಗುವ ಉತ್ತರ ವಸ್ತು. ಬಿಡಿಬಿಡಿ ಭಾಗಗಳು ಕೂಡಿ ಹೇಗೆ ಕೆಲಸ ಮಾಡುತ್ತವೆ ಎಂದು ಕೇಳಿದರೆ ಸಿಗುವುದು ವ್ಯವಸ್ಥೆ. ಇವುಗಳ ಬೆನ್ನಿಗೇ ಒತ್ತಡ, ಸೆಳೆತ, ಗಡಸುತನ, ಇನ್‌ಪುಟ್, ನಿಯಂತ್ರಣ, ಹಿಮ್ಮಾಹಿತಿ ಮುಂತಾದ ಪದಗಳು ಬರುತ್ತವೆ. ಪುಸ್ತಕದಲ್ಲಿ ಇವು ಹೊರಗಿನಿಂದ ಬಂದ ಪದಗಳಂತೆ ಕಾಣುತ್ತವೆ. ಆದರೆ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಕರಾವಳಿಯಲ್ಲಿ ಕಲ್ಲು ಕಡಿಯುವವರು, ಬಡಗಿಗಳು, ಬಲೆ ಎಳೆಯುವವರು, ಗಜನಿ ಎಂಬ ಉಪ್ಪುನೀರಿನ ಗದ್ದೆಯ ರೈತರು ಈ ಗುಣಗಳನ್ನು ಕೈಯಲ್ಲಿ ತೂಗಿ ನೋಡಿ ಹೆಸರಿಟ್ಟು ಶತಮಾನಗಳೇ ಆಗಿವೆ. ಅಂಥ ಹೆಸರುಗಳಲ್ಲಿ ಒಂದು ಜಗತ್ತಿನ ಭೂವಿಜ್ಞಾನಕ್ಕೇ ಹೋಗಿ ಸೇರಿದೆ.

ಆ ಹೆಸರಿನ ಕಲ್ಲು ಅಪ್ಸರಕೊಂಡದ ನೆರೆಯಲ್ಲೆಲ್ಲ ಕಾಲಿಗೆ ತಗಲುತ್ತದೆ. ಹೊನ್ನಾವರ ಪೇಟೆಯಿಂದ ದಕ್ಷಿಣಕ್ಕೆ, ಶರಾವತಿ ದಾಟಿ ಕಾಸರಕೋಡಿನ ಆಚೆ, ಗುಡ್ಡದಿಂದ ನೀರು ಧುಮುಕಿ ಕೊಂಡವಾಗುವ ಜಾಗ ಅಪ್ಸರಕೊಂಡ. ಕೆಳಗೆ ನಡೆದರೆ ಕಡಲು. ಈ ಸೀಮೆಯ ಕೆಂಪು ಕಲ್ಲನ್ನು ಊರಿನವರು ಚಿರೆಕಲ್ಲು ಎನ್ನುತ್ತಾರೆ, ಪುಸ್ತಕದ ಕನ್ನಡ ಜಂಬಿಟ್ಟಿಗೆ ಎನ್ನುತ್ತದೆ, ದಕ್ಷಿಣ ಕನ್ನಡದಲ್ಲಿ ಅದೇ ಮುರಕಲ್ಲು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ. ಮಲಬಾರಿನ ಅಂಗಡಿಪುರದ ಬಳಿ ಜನ ನೆಲದಿಂದಲೇ ಇಟ್ಟಿಗೆಯಂತೆ ಕಲ್ಲು ಕಡಿದು ತೆಗೆಯುವುದನ್ನು ಕಂಡ. ದೇಶಭಾಷೆಗಳಲ್ಲಿ ಅದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆ ಎಂದು ಬರೆದುಕೊಂಡ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎಂಬ ಪದವಿದೆ. ಅದರಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಕಟ್ಟಿದ. 1801ರಲ್ಲಿ ಭಟ್ಕಳ, ಹೊನ್ನಾವರ, ಮಿರ್ಜಾನ್ ದಾರಿಯಾಗಿ ಉತ್ತರಕ್ಕೆ ನಡೆದ. ಮೂರು ಸಂಪುಟಗಳ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಇಂದು ಬ್ರೆಜಿಲಿನಲ್ಲೂ ಆಫ್ರಿಕದಲ್ಲೂ ಭೂವಿಜ್ಞಾನಿಗಳು ಬಳಸುವ ಪದ, ಹೀಗೆ, ಜನರ ಬಾಯಿಂದ ಕೇಳಿದ ಮಾತಿನ ಲ್ಯಾಟಿನ್ ಅನುವಾದ. ಜಂಬಿಟ್ಟಿಗೆ ಎಂಬ ಪದದೊಳಗೂ ಅದೇ ಇಟ್ಟಿಗೆ ಕೂತಿದೆ. ಪಠ್ಯಪುಸ್ತಕಗಳು ಲ್ಯಾಟರೈಟ್ ಎಂದು ಬರೆದು ಮುಂದೆ ಸಾಗುವಾಗ ಈ ಸಂಗತಿಯನ್ನು ಬಿಟ್ಟುಬಿಡುವುದು ದೊಡ್ಡ ನಷ್ಟ. ಪಾರಿಭಾಷಿಕ ಪದ ಹುಟ್ಟುವುದು ಹೇಗೆ ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡದ ಮಗುವಿಗೆ ಸಿಗಲಾರದು.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ, ಅದರ ಬೆನ್ನಿಗೆ ಬರುವ ಬಿಸಿಲು, ಇವೆರಡೂ ಸೇರಿ ಮಾಡಿದ ಕಲ್ಲು ಇದು. ಲಕ್ಷಾಂತರ ವರ್ಷ ಮಳೆನೀರು ಬಂಡೆಯೊಳಗಿನ ಸಿಲಿಕ, ಸುಣ್ಣದಂಥ ಅಂಶಗಳನ್ನು ಕರಗಿಸಿಕೊಂಡು ಹೋಯಿತು. ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳು ಉಳಿದವು. ನೆಲದಡಿ ಇರುವಾಗ ಹಸಿ ಮೆದು, ಉಳಿಗೂ ಕೊಡಲಿಗೂ ಸಿಗುತ್ತದೆ. ತೆಗೆದು ಗಾಳಿ–ಬಿಸಿಲಿಗೆ ಇಟ್ಟರೆ ಗಡಸಾಗುತ್ತದೆ. ಆದ್ದರಿಂದಲೇ ಕಡಿದ ಕಲ್ಲನ್ನು ಒಣಗಲು ಬಿಟ್ಟು ಆಮೇಲೆ ಕಟ್ಟುವ ರೂಢಿ. ಗಡಸುತನ ವಸ್ತುವಿಗೆ ಹುಟ್ಟಿನಿಂದ ಅಂಟಿದ ಗುಣ ಎಂದು ತಿಳಿದವರಿಗೆ ಚಿರೆಕಲ್ಲು ಬೇರೆಯೇ ಪಾಠ ಹೇಳುತ್ತದೆ: ಅದು ಸಂಸ್ಕಾರದಿಂದಲೂ ಬರುತ್ತದೆ, ಕಾದು ಪಡೆಯಬೇಕಾಗುತ್ತದೆ.

ಇದರ ಇನ್ನೊಂದು ಗುಣ ಒತ್ತಡ–ಸೆಳೆತಗಳ ವ್ಯತ್ಯಾಸ. ಮೇಲಿಂದ ಹೇರಿದ ಭಾರವನ್ನು ಚಿರೆಕಲ್ಲು ತಾಳುತ್ತದೆ, ಅಡ್ಡಲಾಗಿ ಹಾಸಿ ನಡುವೆ ಭಾರ ಇಟ್ಟರೆ ಮುರಿಯುತ್ತದೆ. ಗೋಡೆಗೆ ಚಿರೆಕಲ್ಲು, ಬಾಗಿಲ ನೆತ್ತಿಗೆ ಮರ ಅಥವಾ ಕಮಾನು ಎಂಬ ವಿಂಗಡಣೆ ಬಂದದ್ದು ಹೀಗೆ. ಅಘನಾಶಿನಿಯ ದಂಡೆಯ ಮಿರ್ಜಾನ್ ಕೋಟೆಯ ದಪ್ಪ ಗೋಡೆಗಳು ಇದೇ ಕಲ್ಲಿನವು. ತೂತುತೂತಾದ್ದರಿಂದ ಗುಡ್ಡಗಳು ಮಳೆಗಾಲದ ನೀರನ್ನು ಸ್ಪಂಜಿನಂತೆ ಹೀರಿಟ್ಟುಕೊಂಡು ಬುಡದಲ್ಲಿ ಒರತೆಯಾಗಿ ಬಿಡುತ್ತವೆ. ಗೋಡೆಯ ವಿಷಯದಲ್ಲಿ ಅದೇ ಗುಣ ದೋಷವಾಗಿ ತೇವ ಹತ್ತುತ್ತದೆ, ಗಾರೆ ಬೇಕಾಗುತ್ತದೆ.

ಗಾರೆಗೆ ಸುಣ್ಣ ಕೊಟ್ಟದ್ದು ಹೊಳೆ. ಅಳಿವೆಯ ಬಳಚು ಎಂಬ ಚಿಪ್ಪುಜೀವಿಯ ಮಾಂಸ ಅಡುಗೆಮನೆಗೆ, ಚಿಪ್ಪು ಸುಣ್ಣದ ಗೂಡಿಗೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟ ಚಿಪ್ಪು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ; ನೀರು ಹಾಕಿದರೆ ಕುದಿದು ಅರಳಿದ ಸುಣ್ಣ; ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮರಳಿ ಹೀರಿ ಮತ್ತೆ ಚಿಪ್ಪಿನ ವಸ್ತುವೇ ಆಗಿ ಗಟ್ಟಿಯಾಗುತ್ತದೆ.

ಭಟ್ಕಳದಲ್ಲಿ ಕಥೆ ತಿರುವು ತೆಗೆದುಕೊಳ್ಳುತ್ತದೆ. ವಿಜಯನಗರ ಕಾಲದ ಕೊನೆಯ ಭಾಗದಲ್ಲಿ ಇಲ್ಲಿ ಕಟ್ಟಿದ ಕೇತಪೈ ನಾರಾಯಣ ದೇವಾಲಯವೂ ಚಂದ್ರನಾಥ ಬಸದಿಯೂ ಗಟ್ಟಿ ಶಿಲೆಯವು. ಆದರೆ ಕಲ್ಲು ಮರದ ಭಾಷೆ ಆಡುತ್ತದೆ. ಮಾಡು ಇಳಿಜಾರು, ಹಲಗೆಯಂತೆ ಒಂದರ ಮೇಲೊಂದು ಒರಗಿದ ಕಲ್ಲುಚಪ್ಪಡಿ. ನಾರಾಯಣ ದೇವಾಲಯದ ಗೋಡೆಯಲ್ಲಿ ಗಾಳಿ ಬಿಟ್ಟು ಮಳೆ ತಡೆಯುವ ಓರೆಪಟ್ಟಿಗಳೂ ಕಲ್ಲಿನವೇ. ಹತ್ತೊಂಬತ್ತನೆಯ ಶತಮಾನದ ವಾಸ್ತುಚರಿತ್ರಕಾರ ಜೇಮ್ಸ್ ಫರ್ಗುಸನ್ ಈ ಕೆನರಾ ಶೈಲಿ ದಕ್ಷಿಣದ ಬೇರೆ ದೇವಾಲಯಗಳಿಗಿಂತ ನೇಪಾಳದ ಕಟ್ಟಡಗಳನ್ನು ಹೋಲುತ್ತದೆ ಎಂದು ಬೆರಗುಪಟ್ಟ. ಬೆರಗಿಗೆ ಕಾರಣ ಮಳೆಯಲ್ಲೇ ಇದೆ. ಇಳಿಜಾರಿನ ಆಕಾರವನ್ನು ಸೋಗೆ ಮತ್ತು ಮರದ ಮನೆಗಳು ಮೊದಲೇ ಕಂಡುಕೊಂಡಿದ್ದವು. ಶಿಲ್ಪಿ ವಸ್ತುವನ್ನು ಬದಲಿಸಿದ, ವಿನ್ಯಾಸವನ್ನು ಉಳಿಸಿಕೊಂಡ. ವಸ್ತುವೂ ವಿನ್ಯಾಸವೂ ಬೇರೆ ಬೇರೆ ಎಂಬುದನ್ನು ತೋರಿಸಲು ಭಟ್ಕಳದ ಮಕ್ಕಳಿಗೆ ಚಿತ್ರಪಟ ಬೇಕಿಲ್ಲ.

ಸೋಗೆಯ ಮಾಡಿನ ಜಾಗಕ್ಕೆ ಬಂದದ್ದು ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹೂಡಿದ. ಒಂದರ ಅಂಚು ಇನ್ನೊಂದರ ತೋಡಿಗೆ ಸಿಕ್ಕಿಕೊಳ್ಳುವ ಹಂಚು ಅದು. ಎಲ್ಲ ಹಂಚೂ ಒಂದೇ ಅಳತೆಯವಾದ್ದರಿಂದ ಒಡೆದ ಒಂದನ್ನು ತೆಗೆದು ಬೇರೊಂದನ್ನು ತೂರಿಸಬಹುದು. ಶಾಲೆಯ ಪುಸ್ತಕ ಇದನ್ನು ಪ್ರಮಾಣೀಕರಣ ಎನ್ನುತ್ತದೆ. ವರ್ಷವರ್ಷ ಸೋಗೆ ಹೊದಿಸುವ ದುಡಿಮೆ ತಪ್ಪಿದ ಮನೆಗಳಿಗೆ ಅದರ ಅರ್ಥ ಬೇಗನೆ ಆಯಿತು.

ಮರದ ವಿಷಯದಲ್ಲಿ ಪುಸ್ತಕದ ಪದ ಈ ಸೀಮೆಗೆ ಸರಿಹೊಂದುವುದೇ ಇಲ್ಲ. ಇಂಗ್ಲಿಷ್ ಪಠ್ಯಗಳ ಹಾರ್ಡ್‌ವುಡ್, ಸಾಫ್ಟ್‌ವುಡ್ ಎಂಬ ಜೋಡಿ ಕನ್ನಡದಲ್ಲಿ ಗಟ್ಟಿಮರ, ಮೆದುಮರ ಎಂದಾಗುತ್ತದೆ. ಅಲ್ಲಿನ ಅರ್ಥ ಗಟ್ಟಿತನಕ್ಕೆ ಸಂಬಂಧಿಸಿದ್ದಲ್ಲ; ಹೂಬಿಡುವ ಅಗಲ ಎಲೆಯ ಮರ ಮೊದಲ ಗುಂಪು, ಪೈನ್ ಜಾತಿಯ ಮರ ಎರಡನೆಯದು. ಉತ್ತರ ಕನ್ನಡದ ಕಾಡಿನ ಬಹುತೇಕ ಎಲ್ಲ ಮರಗಳೂ ಆ ಲೆಕ್ಕದಲ್ಲಿ ಗಟ್ಟಿಮರಗಳೇ; ಉಗುರಿನಿಂದ ಗೀರಬಹುದಾದ ಬೂರುಗವೂ ಗಟ್ಟಿ, ಉಳಿಯ ಬಾಯಿ ಮುರಿಯುವ ಮತ್ತಿಯೂ ಗಟ್ಟಿ. ಬಡಗಿ ಕೇಳುವ ಪ್ರಶ್ನೆ ಬೇರೆ: ಚೇಗು ಎಷ್ಟಿದೆ? ಮರದ ಒಳತಿರುಳೇ ಚೇಗು. ಗೆದ್ದಲನ್ನೂ ನೀರನ್ನೂ ತಡೆಯುವುದು ಅದು. ದೋಣಿಗೆ ಹೆಬ್ಬಲಸು, ತೊಲೆಗೆ ಸಾಗವಾನಿ ಎಂಬ ಆಯ್ಕೆ ಈ ಪ್ರಶ್ನೆಯಿಂದ ಬಂದದ್ದು. ಕುಮಟಾ, ಹೊನ್ನಾವರ, ಸಿರಸಿ, ಸಾಗರಗಳ ಗುಡಿಗಾರರು ಗಂಧದ ಮರದಲ್ಲಿ ಕೂದಲೆಳೆಯ ಕೆತ್ತನೆ ಮಾಡಬಲ್ಲವರಾದದ್ದು ಅದರ ನಾರು ಒತ್ತಾಗಿ ನಯವಾಗಿರುವುದರಿಂದ. ಪಠ್ಯ ಬರೆಯುವವರು ಚೇಗು ಎಂಬ ಒಂದು ಪದವನ್ನು ತಂದರೂ ಅರ್ಧ ಗೊಂದಲ ಕರಗುತ್ತದೆ.

ಈ ಕೈಕೆಲಸ ಶಾಲೆಯೊಳಕ್ಕೆ ಬಂದ ದಾರಿ ಸುತ್ತುಬಳಸಿನದು. 1862ರಲ್ಲಿ ಉತ್ತರ ಕೆನರಾ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರವರೆಗೆ ಇಲ್ಲಿಯ ಶಾಲೆಗಳು ಮುಂಬಯಿಯ ಕ್ರಮದಲ್ಲೇ ನಡೆದವು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಎಲ್ಲ ವಿಷಯ ಕಲಿಸಬೇಕೆಂದರು, ಝಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ಕೊಟ್ಟಿತು. ಮೂಲ ಶಿಕ್ಷಣದ ಶಾಲೆಗಳಲ್ಲಿ ತಕಲಿ ತಿರುಗಿತು. 1964–66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವ ಎಂದು ಕರೆಯಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉದ್ದನೆಯ ಹೆಸರಿಟ್ಟಿತು. ಹೆಸರು ಬದಲಾದಷ್ಟು ಬೇಗ ತರಗತಿ ಬದಲಾಗಲಿಲ್ಲ. ಅಂಕವಿಲ್ಲದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಕೊನೆಯ ಜಾಗ ಸಿಗುವುದು ಹಳೆಯ ನೋವು. ಅತ್ತ ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಕಾಯ್ದೆಯ ಬೆನ್ನಿಗೆ, 1990ರಿಂದ, ವಿನ್ಯಾಸ ಮತ್ತು ತಂತ್ರಜ್ಞಾನ ಎಲ್ಲ ಮಕ್ಕಳಿಗೂ ಕಡ್ಡಾಯ ವಿಷಯವಾಯಿತು. ವಸ್ತು, ವ್ಯವಸ್ಥೆ, ನಿಯಂತ್ರಣ ಎಂಬ ಪದಗಳ ಗುಚ್ಛ ಅಲ್ಲಿಂದ ಬೇರೆ ದೇಶಗಳ ಪಠ್ಯಗಳಿಗೂ ಹರಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ನಡುವೆ ಯಾವಾಗಲಾದರೂ ಮಕ್ಕಳು 10 ದಿನ ಪಾಟೀಚೀಲ ಬಿಟ್ಟು ಸ್ಥಳೀಯ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದಿದೆ.

ವ್ಯವಸ್ಥೆ ಎಂಬ ಪದಕ್ಕೆ ಈ ಕರಾವಳಿ ಕೊಡುವ ಅತ್ಯುತ್ತಮ ವ್ಯಾಖ್ಯಾನ ಕುಮಟಾ ತಾಲ್ಲೂಕಿನ ಗಜನಿ. ಅಘನಾಶಿನಿಯ ಉಪ್ಪುನೀರು ಏರಿಳಿಯುವ ಬಯಲಿಗೆ ಮಣ್ಣಿನ ಕಟ್ಟೆ ಹಾಕಿ, ಕಟ್ಟೆಯಲ್ಲಿ ಹಲಗೆಯ ಬಾಗಿಲಿಟ್ಟು ಮಾಡಿದ ಗದ್ದೆ ಅದು. ಆ ಬಾಗಿಲೇ ಜಂತ್ರಡಿ. ಮಳೆ ಹಿಡಿದಾಗ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಇಳಿತದ ಹೊತ್ತಿಗೆ ಜಂತ್ರಡಿ ತೆರೆದು ಆ ನೀರನ್ನು ಹೊರಗೆ ಬಿಡಬೇಕು, ಭರತ ಏರುವ ಮೊದಲು ಮುಚ್ಚಬೇಕು. ಆಮೇಲೆ ಕಗ್ಗ ಭತ್ತ ಮೊಳೆಯುತ್ತದೆ. ಎತ್ತರಕ್ಕೆ ಬೆಳೆದು ನೆರೆಯನ್ನೂ ಉಪ್ಪನ್ನೂ ತಾಳುವ ತಳಿ ಅದು, ಮಾಣಿಕಟ್ಟದ ರೈತರು ಅದರ ಬೀಜ ಉಳಿಸಿಕೊಂಡು ಬಂದಿದ್ದಾರೆ. ಕೊಯ್ಲಾದ ಮೇಲೆ ಬಾಗಿಲಿನ ಕೆಲಸ ತಿರುವುಮುರುವು: ಭರತದ ನೀರು ಒಳಗೆ ಬರಲಿ, ಜೊತೆಗೆ ಸಿಗಡಿ, ಮೀನಿನ ಮರಿ ಬರಲಿ. ಕೊಯ್ಯದೆ ಬಿಟ್ಟ ಕೂಳೆ ಕೊಳೆತು ಮೀನಿಗೆ ಆಹಾರ, ಮೀನಿನ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ.

ಇನ್‌ಪುಟ್ ಎಂದರೆ ಮಳೆ ಮತ್ತು ಭರತ. ಔಟ್‌ಪುಟ್ ಎಂದರೆ ಅಕ್ಕಿ ಮತ್ತು ಸಿಗಡಿ. ನಿಯಂತ್ರಣ ಜಂತ್ರಡಿಯದು, ನೀರಿನ ಮಟ್ಟ ನೋಡಿ ಹಲಗೆ ಎತ್ತುವ ಮನುಷ್ಯನ ಕಣ್ಣೇ ಹಿಮ್ಮಾಹಿತಿ. ಅಮಾವಾಸ್ಯೆ–ಹುಣ್ಣಿಮೆಗಳ ದೊಡ್ಡ ಭರತದ ದಿನ ಅವನು ನಿದ್ದೆ ಹೋದರೆ ಒಬ್ಬನ ಗದ್ದೆಯಷ್ಟೇ ಹಾಳಾಗುವುದಿಲ್ಲ, ಇಡೀ ಗಜನಿಗೆ ಉಪ್ಪು ನುಗ್ಗುತ್ತದೆ. ಆದ್ದರಿಂದ ಕಟ್ಟೆ ಕಾಯುವುದು ಊರಿನ ಹೊಣೆ. ವ್ಯವಸ್ಥೆಯ ಭಾಗಗಳಲ್ಲಿ ಮನುಷ್ಯರ ಒಪ್ಪಂದವೂ ಒಂದು ಎಂಬುದನ್ನು ಪಠ್ಯದ ಬಾಣಗುರುತಿನ ಚಿತ್ರಗಳು ತೋರಿಸುವುದಿಲ್ಲ. ಅದೇ ಅಳಿವೆಯ ಸಾಣಿಕಟ್ಟಾದಲ್ಲಿ ಭರತದ ನೀರನ್ನು ಉಪ್ಪಿನಾಗರಕ್ಕೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಒಂದೇ ನೀರು, ಒಂದು ಕಡೆ ಉಪ್ಪು ಶತ್ರು, ಇನ್ನೊಂದು ಕಡೆ ಬೆಳೆ.

ರಾಂಪಣಿ ಬಲೆಯೂ ಇಂಥದೇ ಒಂದು ವ್ಯವಸ್ಥೆ. ಒಂದು ಕಿಲೋಮೀಟರಿಗೂ ಉದ್ದದ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರದಲ್ಲಿ ಬಿಟ್ಟು, ದಡದಲ್ಲಿ ಎರಡು ಸಾಲಾಗಿ ನಿಂತ ಹತ್ತಾರು ಜನ ಎಳೆದರೆ ಬಂಗಡೆ, ತಾರ್ಲೆ ಮರಳಿಗೆ ಬರುತ್ತಿದ್ದವು. ಹತ್ತಿಯ ಬಲೆಗೆ ಮರದ ತೊಗಟೆಯ ಕಷಾಯ ಹಚ್ಚಿ ಒಣಗಿಸಬೇಕಿತ್ತು, ಇಲ್ಲವಾದರೆ ಕೊಳೆಯುತ್ತಿತ್ತು. ನೈಲಾನ್ ಬಂದಾಗ ಆ ಕೆಲಸವೇ ಹೋಯಿತು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದು ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿತು. ಕೆಲವೇ ವರ್ಷಗಳಲ್ಲಿ ರಾಂಪಣಿ ಸೊರಗಿತು. ವಸ್ತು ಬದಲಾದಾಗ ಬಲೆ ಉಳಿದಿತ್ತು, ವ್ಯವಸ್ಥೆ ಬದಲಾದಾಗ ಉಳಿಯಲಿಲ್ಲ.

ಹೊನ್ನಾವರದ ಶರಾವತಿಯಲ್ಲಿ ನೀರನ್ನು ನಿಯಂತ್ರಿಸುವ ಬಾಗಿಲು ಬೇರೆ ಗಾತ್ರದ್ದು. ಜೋಗದಲ್ಲಿ 1948ರಲ್ಲಿ ವಿದ್ಯುತ್ ಶುರುವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಆಮೇಲೆ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟಿನ ಕೇಂದ್ರ ಬಂತು. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಸೊರಗುತ್ತಿದ್ದ ಹೊಳೆ ಈಗ ಟರ್ಬೈನಿನ ವೇಳಾಪಟ್ಟಿಯಂತೆ ವರ್ಷವಿಡೀ ಸಿಹಿನೀರು ತರುತ್ತದೆ. ಅಳಿವೆಯ ಉಪ್ಪು ತಗ್ಗಿತು. ಉಪ್ಪು ಬೇಕಾದ ಮೀನು, ಚಿಪ್ಪುಗಳು ಹಿಂದೆ ಸರಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಅಕ್ಕಪಕ್ಕದ ಶರಾವತಿ, ಅಘನಾಶಿನಿ ಅಳಿವೆಗಳನ್ನು ಹೋಲಿಸಿ ಈ ಅಂತರವನ್ನು ದಾಖಲಿಸಿದ್ದಾರೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯ 4,801 ಹೆಕ್ಟೇರ್ ಅಳಿವೆ 2024ರ ಜನವರಿಯಲ್ಲಿ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಹೊನ್ನಾವರದ ರೈಲು ಸೇತುವೆ, ಎರಡು ಕಿಲೋಮೀಟರಿಗೂ ಉದ್ದದ ಕಾಂಕ್ರೀಟು, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, ಶರಾವತಿಯ ಆ ಸಿಹಿಯಾದ ನೀರಿನ ಮೇಲೆ ಹಾದುಹೋಗುತ್ತದೆ. ಬಳಚು ಆರಿಸಲು ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿಗಿಳಿಯುವ ಹೆಂಗಸರೂ, ಸುಣ್ಣಕ್ಕೆಂದು ಚಿಪ್ಪು ತೆಗೆಯುವವರೂ ಈಗ ಹೆಚ್ಚಾಗಿ ಕಾಣುವುದು ಕುಮಟಾದ ಕಡೆಯ ಹೊಳೆಯಲ್ಲಿ.