ಚಾಲಕನಿಲ್ಲದ ಗಾಡಿ, ಜೋಳ ಹರವಿದ ರಸ್ತೆ

ದಾವಣಗೆರೆಯ ಮಂಡಿಗೆ ಹತ್ತಿ ಹೇರಿಕೊಂಡು ಬಂದ ರೈತರು ವ್ಯಾಪಾರ ಮುಗಿಸಿ ಹೊರಡುವಾಗ ಕತ್ತಲಾಗಿರುತ್ತಿತ್ತು. ಗಾಡಿಯ ಕೆಳಗೆ ಲಾಟೀನು ತೂಗುಬಿಟ್ಟು, ಎತ್ತುಗಳನ್ನು ಊರದಾರಿಗೆ ತಿರುಗಿಸಿದರೆ ಮುಗಿಯಿತು, ಕಂಬಳಿ ಹೊದ್ದು ಮಲಗುವುದೇ. ಲೋಕಿಕೆರೆಯ ಎತ್ತು ಲೋಕಿಕೆರೆಗೇ ಹೋಗಿ ಕೊಟ್ಟಿಗೆಯ ಮುಂದೆ ನಿಂತಾಗ ಯಜಮಾನನಿಗೆ ಎಚ್ಚರ. ಎದುರು ಗಾಡಿ ಬಂದರೆ ಪಕ್ಕಕ್ಕೆ ಸರಿಯುವುದು, ಹಳ್ಳ ತುಂಬಿದ್ದರೆ ನಿಲ್ಲುವುದು, ಎಲ್ಲ ಎತ್ತಿನದೇ ತೀರ್ಮಾನ. ಜಗತ್ತಿನ ಎಂಜಿನಿಯರುಗಳು ನೂರು ವರ್ಷಗಳಿಂದ ಮೋಟಾರಿಗೆ ಕಲಿಸಲು ಹೆಣಗುತ್ತಿರುವ ವಿದ್ಯೆ ಇದೇ.

1925ರಲ್ಲಿ ಫ್ರಾನ್ಸಿಸ್ ಹೌಡಿನಾ ಎಂಬಾತ ನ್ಯೂಯಾರ್ಕಿನ ಬೀದಿಯಲ್ಲಿ ಚಾಲಕನಿಲ್ಲದ ಕಾರು ಓಡಿಸಿ ಜನರನ್ನು ಬೆರಗುಗೊಳಿಸಿದ. ಅದರಲ್ಲೊಂದು ಗುಟ್ಟಿತ್ತು. ಹಿಂದಿನ ಕಾರಿನಲ್ಲಿ ಕುಳಿತವರು ರೇಡಿಯೋ ಮೂಲಕ ಅದನ್ನು ನಡೆಸುತ್ತಿದ್ದರು. ನಿಜವಾದ ಪರೀಕ್ಷೆ ನಡೆದದ್ದು 2004ರಲ್ಲಿ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಹತ್ತು ಲಕ್ಷ ಡಾಲರಿನ ಪಂದ್ಯ ಇಟ್ಟಿತು. ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಸುಮಾರು 12 ಕಿಲೋಮೀಟರಿಗೆ ಕೂತುಬಿಟ್ಟಿತು. ದಾವಣಗೆರೆಯಿಂದ ಹೊರಟಿದ್ದರೆ ಹರಿಹರದ ಹೊಳೆಯನ್ನೂ ಕಾಣುತ್ತಿರಲಿಲ್ಲ. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 'ಸ್ಟ್ಯಾನ್ಲಿ' 212 ಕಿಲೋಮೀಟರ್ ಓಡಿ ಗೆದ್ದಿತು. ಮರುಭೂಮಿಯಲ್ಲಿ ಅಡ್ಡಬರುವ ಮಕ್ಕಳಿಲ್ಲ, ಸೈಕಲ್ಲಿಲ್ಲ ಎಂಬುದನ್ನು ಮರೆಯಬಾರದು.

ಊರೊಳಗಿನ ಕಥೆ ಬೇರೆ. ವೇಮೋ ಕಂಪನಿಯ ಚಾಲಕನಿಲ್ಲದ ಟ್ಯಾಕ್ಸಿಗಳು 2020ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಸಾರ್ವಜನಿಕರಿಗೆ ದೊರೆತವು, ಆಮೇಲೆ ಸ್ಯಾನ್‌ಫ್ರಾನ್ಸಿಸ್ಕೋದಂಥ ನಗರಗಳಿಗೂ ಬಂದವು. ಅವಕ್ಕೆ ಊರಿನ ಸೂಕ್ಷ್ಮ ನಕ್ಷೆ ಮೊದಲೇ ಬಾಯಿಪಾಠ. ಕ್ಯಾಮೆರಾ, ರೇಡಾರ್, ಲೇಸರ್ ಕಿರಣಗಳಿಂದ ಸುತ್ತಲನ್ನು ಅಳೆಯುತ್ತಾ ಹೋಗುತ್ತವೆ. ಗೊಂದಲವಾದರೆ ದೂರದಲ್ಲಿ ಕುಳಿತ ಮನುಷ್ಯರ ಸಲಹೆ ಕೇಳುವುದೂ ಉಂಟು. ಪೈಪೋಟಿಗೆ ನಿಂತಿದ್ದ ಕ್ರೂಸ್ ಕಂಪನಿಯ ಕಾರು 2023ರಲ್ಲಿ, ಇನ್ನೊಂದು ವಾಹನ ಬಡಿದು ತನ್ನ ಮುಂದೆ ಬಿದ್ದ ಪಾದಚಾರಿಯನ್ನು ಎಳೆದೊಯ್ದಿತು. ಪರವಾನಗಿ ಅಮಾನತಾಯಿತು, ಮರುವರ್ಷ ಅದರ ಒಡೆಯ ಜನರಲ್ ಮೋಟಾರ್ಸ್ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟಿತು.

ರೇಸಿನಲ್ಲೂ ಸ್ವಾರಸ್ಯವಿದೆ. 2024ರ ಏಪ್ರಿಲಿನಲ್ಲಿ ಅಬುಧಾಬಿಯ ಓಟದಲ್ಲಿ ಮುಂದಿದ್ದ ಕಾರು ಗಿರಕಿ ಹೊಡೆದು ನಿಂತಿತು. ಹಳದಿ ಬಾವುಟ ಬಂತು. ಬಾವುಟವಿದ್ದಾಗ ಹಿಂದಿಕ್ಕಬಾರದೆಂಬುದು ನಿಯಮ. ಹಿಂದಿನ ಕಾರುಗಳು ವಿಧೇಯವಾಗಿ ನಿಂತುಬಿಟ್ಟವು! ಕೊನೆಗೆ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಕಾರು ಗೆದ್ದಿತೆನ್ನಿ.

ಇಂಥ ವಿಧೇಯ ಯಂತ್ರ ನಮ್ಮ ಕಡೆಯ ರಸ್ತೆಗೆ ಬಂದರೆ? ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಬಸ್ಸಿನ ಡ್ರೈವರು ಹಾರನ್ ಒತ್ತಿ, ಎರಡು ಚಕ್ರ ಮಣ್ಣಿಗಿಳಿಸಿ, ಕಾವಲಿಗಿದ್ದ ಅಜ್ಜಿಯ ಕೈಸನ್ನೆ ನೋಡಿ ದಾಟಿಸುತ್ತಾನೆ. ಯಾವ ನಕ್ಷೆಯಲ್ಲೂ ಆ ಜೋಳವಿಲ್ಲ. ಈ ತೊಡಕು ವಿಜ್ಞಾನಿಗಳಿಗೂ ಹೊಳೆದಿದೆ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಕಂಪನಿ 2018ರಲ್ಲಿ ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳ 10,000 ಚಿತ್ರಗಳನ್ನು ಒಟ್ಟುಗೂಡಿಸಿ, ಅದರೊಳಗಿನದನ್ನು 34 ವರ್ಗಗಳಾಗಿ ಗುರುತಿಸಿದವು. ಆಟೋ, ದನಕರುಗಳಿಗೆ ಅಲ್ಲಿ ಜಾಗವಿದೆ. ಡಾಂಬರಿನ ಪಕ್ಕದ, ಬೇಕಾದರೆ ಓಡಿಸಬಹುದಾದ ಮಣ್ಣಿನಂಚಿಗೂ ಪ್ರತ್ಯೇಕ ಹೆಸರಿದೆ. ಪರದೇಶದ ಕಾರಿಗೆ ರಸ್ತೆಯೇ ಅಲ್ಲದ್ದು ನಮ್ಮವರಿಗೆ ಅರ್ಧ ರಸ್ತೆ.

ಬೆಂಗಳೂರಿನ ಮೈನಸ್ ಝೀರೋ ಕಂಪನಿ 2023ರಲ್ಲಿ ಸ್ಟೀರಿಂಗ್ ಇಲ್ಲದ, ಕ್ಯಾಮೆರಾಗಳನ್ನೇ ನಂಬಿದ ಪುಟ್ಟ ವಾಹನ ತೋರಿಸಿತು. 2025ರಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಕೂಡಿ ರೂಪಿಸಿದ ಕಾರಿನಲ್ಲಿ ಉತ್ತರಾದಿ ಮಠದ ಶ್ರೀಗಳು ಕುಳಿತು ಸಾಗಿದ ದೃಶ್ಯ ನಾಡೆಲ್ಲ ಹರಿದಾಡಿತು. ಎರಡೂ ಪ್ರಯೋಗದ ಹಂತದವು. ಹಳಿಯ ಮೇಲಿನ ಕೆಲಸ ಇಷ್ಟು ಕಠಿಣವಲ್ಲ, ಅಲ್ಲಿ ಯಾರೂ ಜೋಳ ಹರವುವುದಿಲ್ಲ. ಆದರೂ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ನಮ್ಮ ಮೆಟ್ರೋದ ಹಳದಿ ಮಾರ್ಗದಲ್ಲಿ, ತಾವೇ ಓಡಬಲ್ಲ ರೈಲುಗಳು ಮೊದಮೊದಲು ಚಾಲಕರನ್ನು ಕೂರಿಸಿಕೊಂಡೇ ಓಡಿದವು.

ಚಾಲಕರ ಹೊಟ್ಟೆಪಾಡಿನ ಮಾತೂ ಇದೆ. ಲಕ್ಷಾಂತರ ಡ್ರೈವರುಗಳ ಕೆಲಸ ಹೋಗುತ್ತದೆ, ಇಂಥ ಕಾರುಗಳನ್ನು ದೇಶಕ್ಕೆ ಬಿಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಖಂಡತುಂಡವಾಗಿ ಹೇಳಿದರು. ಲಾರಿ, ಟ್ಯಾಕ್ಸಿ ನಂಬಿದ ಮನೆಗಳು ನಮ್ಮ ಜಿಲ್ಲೆಯಲ್ಲೇನು ಕಡಿಮೆಯೆ? ಆ ಅಂಜಿಕೆಯನ್ನು ತಳ್ಳಿಹಾಕುವ ಧೈರ್ಯ ನನಗಂತೂ ಇಲ್ಲ.

ಇನ್ನು ಹೊಣೆಯ ಪ್ರಶ್ನೆ. ಮಲಗಿದ್ದವನ ಎತ್ತು ದಾರಿಬದಿಯ ಪೈರಿಗೆ ಬಾಯಿ ಹಾಕಿದರೆ ಅದನ್ನು ದೊಡ್ಡಿಗೆ ಅಟ್ಟುತ್ತಿದ್ದರು. ದಂಡ ಕಟ್ಟಿ ಬಿಡಿಸಿಕೊಳ್ಳುವವನು ಯಜಮಾನ. ನಿದ್ದೆ ಬಂದಿತ್ತು ಎಂಬುದು ನೆಪವಾಗುತ್ತಿರಲಿಲ್ಲ. ನಮ್ಮ 1988ರ ಮೋಟಾರು ವಾಹನ ಕಾಯಿದೆ ಬರೆದವರ ಕಣ್ಣೆದುರು ಇದ್ದದ್ದು ಲೈಸೆನ್ಸ್ ಪಡೆದ ಮನುಷ್ಯ. ಬ್ರಿಟನ್ 2024ರಲ್ಲಿ ಮಾಡಿದ ಕಾಯಿದೆಯ ಪ್ರಕಾರ, ಕಾರು ತಾನೇ ಓಡುತ್ತಿದ್ದಾಗ ಅದರ ನಡತೆಗೆ ಉತ್ತರ ಕೊಡಬೇಕಾದವರು ಒಳಗೆ ಕುಳಿತವರಲ್ಲ, ಆ ವ್ಯವಸ್ಥೆಗೆ ಅನುಮತಿ ಪಡೆದ ಕಂಪನಿ.