ಬ್ಯಾಡಗಿ ಘಾಟು, ತೊಡೆಸಂದಿನ ಗಂಟು

ರಾಣೆಬೆನ್ನೂರಿನಲ್ಲಿ ನಾನು ನರ್ಸ್ ಕೆಲಸಕ್ಕೆ ಸೇರಿದಾಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಾವೆಲ್ಲ ಧಾರವಾಡ ಜಿಲ್ಲೆಯವರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಕ್ಕಳು ಕೂಸು ಎತ್ತಿಕೊಂಡು ಬರುತ್ತಿದ್ದರು. “ಘಾಟಿಗೆ ಕೆಮ್ಮಿದ್ರ ತೊಡಿಸಂದ್ಯಾಗ ಗಂಟ ಏಳತೈತ್ರಿ, ಮಲಗಿಸಿದ್ರ ಮಾಯ.” ಡಾಕ್ಟರ ಮುಂದೆ ಮಾತ್ರ ಕೂಸು ನಗುತ್ತ ಮಲಗಿರುತ್ತಿತ್ತು, ಗಂಟಿನ ಸುಳಿವೇ ಇಲ್ಲ. ಹಿರಿಯ ಸರ್ಜನ್ ಒಬ್ಬರು ಆಗ ಬೆರಳ ತುದಿಯಿಂದ ಸಂದಿನ ಮೇಲೆ ಮೆಲ್ಲಗೆ ಸವರಿ ನೋಡುತ್ತಿದ್ದರು. ಹರ್ನಿಯಾ ಚೀಲದ ಎರಡು ಪದರ ಒಂದರ ಮೇಲೊಂದು ಜಾರುವುದು, ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಬೆರಳಲ್ಲಿ ಹೊಸೆದ ಹಾಗೆ. ನನ್ನ ಬೆರಳಿಗೂ ಅದನ್ನು ಕಲಿಸಿದರು.

ಘಾಟು ಗಂಟನ್ನು ತೋರಿಸುತ್ತದೆ, ಹುಟ್ಟಿಸುವುದಿಲ್ಲ. ಗರ್ಭದಲ್ಲಿ ಬೀಜ ಕೆಳಗಿಳಿದ ದಾರಿ ಮುಚ್ಚದೆ ಉಳಿದರೆ ಅದರೊಳಗೆ ಕರುಳು ಜಾರುತ್ತದೆ. ದೊಡ್ಡವರಂತೆ ಸ್ನಾಯು ಸೋತದ್ದಲ್ಲ. ಜಾಲರಿ ಬೇಡ, ಚೀಲದ ಬಾಯಿ ಕಟ್ಟಿದರೆ ಸಾಕು. ಇದನ್ನರಿಯದೆ ಲಂಗೋಟಿ ಬಿಗಿದರು, ಬರೆ ಕೊಡಿಸಿದರು. ಎಳೆಯ ಚರ್ಮದ ಮೇಲಿನ ಆ ಬರೆಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕರುಳು ಸಿಕ್ಕಿಕೊಂಡು ವಾಂತಿ ಶುರುವಾದ ಮೇಲೆ ಹುಬ್ಬಳ್ಳಿಗೋ ದಾವಣಗೆರೆಗೋ ಓಡುತ್ತಿದ್ದರು. ಅಲ್ಲಿ 1957 ಮತ್ತು 1965ರಲ್ಲಿ ಮೆಡಿಕಲ್ ಕಾಲೇಜು ಬಂದಿದ್ದವು.

ಮಕ್ಕಳ ಹರ್ನಿಯಾದ ಚರಿತ್ರೆಯಲ್ಲಿ ನಾನು ಕೈಮುಗಿಯುವುದು ಗ್ಲಾಸ್ಗೋದ ಜೇಮ್ಸ್ ನಿಕೋಲ್ ಅವರಿಗೆ. ಹತ್ತು ವರ್ಷಗಳಲ್ಲಿ ಮಾಡಿದ 8,988 ಆಪರೇಷನ್‌ಗಳ ಲೆಕ್ಕವನ್ನು ಅವರು 1909ರಲ್ಲಿ ಮುಂದಿಟ್ಟರು. ಹರ್ನಿಯಾದ ಕೂಸುಗಳೂ ಅದರಲ್ಲಿದ್ದವು. ಯಾರನ್ನೂ ವಾರ್ಡಿನಲ್ಲಿ ಇಟ್ಟುಕೊಳ್ಳದೆ ಮನೆಗೆ ಕಳಿಸಿದ್ದರು. ಹಾಲು ಕುಡಿಯುವ ಕೂಸಿಗೆ ತಾಯಿಗಿಂತ ಒಳ್ಳೆಯ ದಾದಿಯಿಲ್ಲ ಎಂಬುದು ಅವರ ವಾದ. ಗಾಯ ಚಿಕ್ಕದಾದದ್ದು ಆಮೇಲಿನ ಮಾತು.

ಅದೂ ಆಯಿತು. ಜರ್ಮನಿಯ ಫೆಲಿಕ್ಸ್ ಶೀರ್ 1998ರಲ್ಲಿ ಹೆಣ್ಣುಮಕ್ಕಳ ಹರ್ನಿಯಾಕ್ಕೆ ಲ್ಯಾಪರೋಸ್ಕೋಪಿ ಮಾಡಿದ್ದನ್ನು ಬರೆದರು. ಹೊಕ್ಕುಳಿನಲ್ಲಿ ಕ್ಯಾಮೆರಾ ಇಳಿಸಿ, ತೆರೆದ ಬಾಯಿಗೆ ಒಳಗಿನಿಂದಲೇ ಹೊಲಿಗೆ. ಇನ್ನೊಂದು ಬದಿಯೂ ತೆರೆದಿದೆಯೇ ಎಂದು ಅದೇ ಹೊತ್ತಿಗೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಇದೇ. ಕಲೆ ಸಣ್ಣದಾಗುವುದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ, ಕೂಸಿನ ಹಳೆಯ ಆಪರೇಷನ್ನಿನ ಗಾಯವೂ ಸಣ್ಣದೇ. ಪೂರ್ತಿ ಅರಿವಳಿಕೆಯಂತೂ ತಪ್ಪುವುದಿಲ್ಲ, ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದ ಕೈ ಬೇಕೇ ಬೇಕು.

ಶೀರ್ ಹೆಣ್ಣುಮಕ್ಕಳಿಂದ ಶುರುಮಾಡಿದ್ದು ನನಗೆ ಮುಖ್ಯ. ನಮ್ಮಲ್ಲಿ ಇದು ಗಂಡುಹುಡುಗರ ಬೇನೆ ಎಂದೇ ನಂಬಿದ್ದರು. ಹೆಣ್ಣುಕೂಸಿನ ಸಂದಿನಲ್ಲಿ ಸಣ್ಣ, ಗಟ್ಟಿ ಗಂಟು ಕಂಡರೆ ಅಲ್ಲಿ ಇಳಿದಿರುವುದು ಅಂಡಾಶಯವಿರಬಹುದು; ತಿರುಚಿಕೊಂಡರೆ ಅದು ಸತ್ತೇಹೋಗುತ್ತದೆ. ಅಂಥ ಕೂಸುಗಳನ್ನೇ ಎಲ್ಲರಿಗಿಂತ ತಡವಾಗಿ ತರುತ್ತಿದ್ದರು.